ಗೊರೇಬಾಳ ಸೀಮೆಯಲ್ಲಿ ಅನ್ನತ್ಯಾಗ: ಒಂದು ಅಚ್ಚುಕಟ್ಟಾದ ಅಧ್ಯಯನ

1. ಪ್ರಸ್ತಾವನೆ

ಸಿಂಧನೂರು ತಾಲ್ಲೂಕಿನ ಗೊರೇಬಾಳ ಹಾಗೂ ಅದರ ಆಸುಪಾಸಿನಲ್ಲಿ ಇತ್ತೀಚೆಗೆ ಒಂದು ಹೊಸ ಪಂಥ ತಲೆ ಎತ್ತಿದೆ. ಈ ಪಂಥಕ್ಕೆ ಮಠವಿಲ್ಲ, ಗುರುವಿಲ್ಲ. ದೀಕ್ಷೆ ಕೊಡುವುದು ರಕ್ತಪರೀಕ್ಷೆಯ ಚೀಟಿ. ಊಟಕ್ಕೆ ಮೊದಲು ಸಕ್ಕರೆ ಇಷ್ಟು, ಉಂಡ ಎರಡು ತಾಸಿಗೆ ಇಷ್ಟು ಎಂದು ಎರಡು ಅಂಕಿ ಬರೆದ ಚೀಟಿ ಕೈಗೆ ಬಂದ ದಿನವೇ ಸಂಕಲ್ಪ. ಮಂತ್ರವೂ ಒಂದೇ: "ಅನ್ನ ಬಿಟ್ಟೀನ್ರಿ." ಇದನ್ನು ಪಂಡಿತರು ಅಲ್ಪಪಿಷ್ಟಾಹಾರ ಎನ್ನುತ್ತಾರೆ, ಪೇಟೆಯ ಹುಡುಗರು ಕೀಟೋ ಎನ್ನುತ್ತಾರೆ, ಮನೆಯ ಹೆಂಗಸರು "ಇವರದೊಂದು ಹೊಸಾ ನಾಟಕ" ಎನ್ನುತ್ತಾರೆ. ಮೂರೂ ಮತಗಳಿಗೆ ಸಮಾನ ಗೌರವ ಸಲ್ಲಿಸಿ, ಈ ಪ್ರಬಂಧವು ಅನುಷ್ಠಾನಿಯನ್ನು 'ಅನ್ನತ್ಯಾಗಿ' ಎಂದು ಕರೆಯುತ್ತದೆ.

ಕ್ಷೇತ್ರದ ಆಯ್ಕೆಗೆ ಕಾರಣವಿದೆ. ಬೆಂಗಳೂರಿನಲ್ಲಿ ಅನ್ನ ಬಿಟ್ಟವನು ಅಕ್ಕಿಕಾಳನ್ನೇ ಕಾಣದೆ ವಾರ ಕಳೆಯಬಲ್ಲ. ಇಲ್ಲಿ ಊರ ಸುತ್ತ ಗದ್ದೆ, ಸುಗ್ಗಿಯಲ್ಲಿ ರಸ್ತೆಯ ತುಂಬ ಒಣಹಾಕಿದ ಭತ್ತ, ಸಿಂಧನೂರಿಗೆ ಹೋದರೆ ರೈಸ್‌ಮಿಲ್ಲು, ಮನೆಗೆ ಬಂದರೆ ಪಡಸಾಲೆಯಲ್ಲಿ 75 ಕಿಲೊ ಚೀಲಗಳ ಅಟ್ಟಿ. ಇಡೀ ತಾಲ್ಲೂಕು ಉಣ್ಣುವಷ್ಟು ಬೆಳೆದವನೇ ತನ್ನ ತಾಟಿಗೆ ಮಾತ್ರ ಬೇಡವೆನ್ನುವ ಈ ವೈರಾಗ್ಯ ಸಂಶೋಧನೆಗೆ ಯೋಗ್ಯವಲ್ಲದೆ ಮತ್ತೇನು?

2. ಪೂರ್ವಸೂರಿಗಳು

ಪಂಥದ ಮೂಲಪುರುಷ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ಈತನ ವೃತ್ತಿ ಶವಸಂಸ್ಕಾರದ ವ್ಯವಸ್ಥೆ. ವೈದ್ಯರ ಮಾತಿನಂತೆ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ಮೈ ಇಳಿಸಿಕೊಂಡು 1863ರಲ್ಲಿ ಒಂದು ಕಿರುಹೊತ್ತಗೆ ಪ್ರಕಟಿಸಿದ. ಜನ ಬೇಗ ಸಾಯದಿರಲೆಂದು ಈ ವೃತ್ತಿಯವನೊಬ್ಬ ಪುಸ್ತಕ ಬರೆದದ್ದು ನಿಸ್ವಾರ್ಥಕ್ಕೆ ದೊಡ್ಡ ನಿದರ್ಶನ. 1972ರಲ್ಲಿ ಅಮೆರಿಕದ ಡಾಕ್ಟರ್ ಆಟ್ಕಿನ್ಸ್ ಇದೇ ಬೋಧನೆಗೆ ಹೊಸ ಭಾಷ್ಯ ಬರೆದರು.

ಆದರೆ ವ್ರತಭಂಗದ ಸಾಹಿತ್ಯಕ್ಕೆ ನಾವು ಲಂಡನ್ನಿಗೆ ಹೋಗಬೇಕಿಲ್ಲ, ಮಸ್ಕಿಗೆ ಹೋದರೆ ಸಾಕು. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಅಲ್ಲಿ ಪತ್ತೆಹಚ್ಚಿದ ಶಾಸನ 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ಖಚಿತಪಡಿಸಿತು. ಅಶೋಕನ ಇಂಥ ಕಿರುಶಾಸನಗಳ ಸಾರ ಇಷ್ಟು: ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಮೊದಮೊದಲು ಶ್ರದ್ಧೆ ಸಾಲದಾಗಿತ್ತು, ಈಗ ಜೋರಾಗಿ ಹಿಡಿದಿದ್ದೇನೆ, ಇದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ. ಡಯೆಟ್ಟಿನವರು ಇಂದಿಗೂ ಇದಕ್ಕಿಂತ ಭಿನ್ನವಾದ ಒಂದು ವಾಕ್ಯವನ್ನೂ ಆಡಿಲ್ಲ.

3. ಕಾಲುವೆ ಸಿದ್ಧಾಂತ

ಅನ್ನತ್ಯಾಗಿಯ ದೇಹವನ್ನು ಅರಿಯಲು ತುಂಗಭದ್ರಾ ಎಡದಂಡೆ ಕಾಲುವೆಯನ್ನು ಅರಿಯಬೇಕೆಂಬುದು ಈ ಪ್ರಬಂಧದ ಮುಖ್ಯ ಪ್ರತಿಪಾದನೆ. ಅಣೆಕಟ್ಟು 1953ರಲ್ಲಿ ಮುಗಿಯಿತು. ಎಡದಂಡೆಯ ಅಚ್ಚುಕಟ್ಟಿನ ಬಹುಪಾಲಿಗೆ ಎಂಜಿನಿಯರುಗಳು ಗೊತ್ತುಮಾಡಿದ್ದು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆ. ಭತ್ತಕ್ಕೆ ಸಿಕ್ಕಿದ್ದು ಸಣ್ಣ ಪಾಲು. ಅಂದರೆ ಈ ಸೀಮೆಗೆ ಅಲ್ಪಪಿಷ್ಟಾಹಾರವನ್ನು ಮೊದಲು ಬರೆದುಕೊಟ್ಟದ್ದು ಡಾಕ್ಟರಲ್ಲ, ನೀರಾವರಿ ಇಲಾಖೆ. ನೀರು ಬಂತು, ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು, ಅವರನ್ನು ನೋಡಿ ಊರವರೂ ನಾಟಿಗಿಳಿದರು. ಕಾಗದದಲ್ಲಿ ಜೋಳ, ಹೊಲದಲ್ಲಿ ಸೋನಾ ಮಸೂರಿ. ಮೇಲ್ಭಾಗದವರು ಭತ್ತಕ್ಕೆ ನೀರು ಹರಿಸಿಕೊಂಡರು, ಕಾಲುವೆಯ ಕೊನೆಯ ಟೇಲೆಂಡಿನವರು ಧರಣಿ ಕೂತರು.

ದೇಹದಲ್ಲೂ ಇದೇ ವ್ಯವಸ್ಥೆ. ಯಕೃತ್ತು, ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ ಗ್ಲೈಕೋಜನ್ ಸಂಗ್ರಹವಿರುತ್ತದೆ. ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು. ಅನ್ನ ನಿಲ್ಲಿಸಿದ ಮೊದಲ ದಿನಗಳಲ್ಲಿ ಈ ಸಂಗ್ರಹ ಬರಿದಾಗಿ ನೀರು ಹೊರಟುಹೋಗುತ್ತದೆ, ತೂಕದ ಮುಳ್ಳು ಸರ್ರನೆ ಇಳಿಯುತ್ತದೆ. ಅನ್ನತ್ಯಾಗಿ ಊರೆಲ್ಲ ಡಂಗುರ ಸಾರುವುದು ಆಗಲೇ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟು ಕೊಚ್ಚಿಹೋದಾಗ ನದಿಗೆ ಹರಿದದ್ದು ನೀರು. ವರ್ಷಗಳಿಂದ ಕೂತ ಹೂಳು ಕೂತಲ್ಲೇ ಕೂತಿತ್ತು. ಹೊಟ್ಟೆಯ ಬೊಜ್ಜಿನ ಸ್ವಭಾವವೂ ಹೂಳಿನದೇ.

4. ದಿನಚರಿಯ ಅವಲೋಕನ

ಬೆಳಿಗ್ಗೆ: ಮೊದಲ ಕೆಲವು ದಿನ ತಲೆಭಾರ, ಕೈಕಾಲು ಸೋತಂತೆ, ಮಾತಿಗೊಮ್ಮೆ ಸಿಡುಕು. ಉಪ್ಪು, ನೀರು ಸಾಕಷ್ಟು ತಗೊಂಡರೆ ಇದು ಇಳಿಯುತ್ತದೆ. ಕಟ್ಟುನಿಟ್ಟಿನ ಕೀಟೋದವರ ಉಸಿರಿಗೆ ಅಸಿಟೋನಿನ ವಾಸನೆ ಬರುವುದರಿಂದ ಅವರ ಮಾತು ಮುಗಿಯುವ ಮೊದಲೇ ಕೇಳುವವರು ಒಪ್ಪಿಬಿಡುತ್ತಾರೆ. (ಇನ್ಸುಲಿನ್ನು, ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ ಬಿಟ್ಟರೆ ಸಕ್ಕರೆ ತೀರ ಕೆಳಗಿಳಿದೀತು. ಈ ಒಂದು ಕಂಸ ಅಣಕವಲ್ಲ.)

ಮಧ್ಯಾಹ್ನ: ತಾಟಿನಲ್ಲಿ ಮೊಟ್ಟೆ, ಸೌತೆಕಾಯಿ, ಮೊಸರು, ಪಲ್ಲೆ. ಇಲ್ಲೊಂದು ರಚನಾತ್ಮಕ ತೊಡಕಿದೆ. ನಮ್ಮ ಕಡೆಯ ಮೇಲೋಗರಗಳಿಗೆ ಸ್ವತಂತ್ರ ಬದುಕಿಲ್ಲ. ಶೇಂಗಾ ಹಿಂಡಿಯನ್ನು ರೊಟ್ಟಿಯಿಲ್ಲದೆ ಚಮಚದಲ್ಲಿ ತಿಂದವನ ಕಣ್ಣಲ್ಲಿ ನೀರು, ಕಿವಿಯಲ್ಲಿ ಶಿಳ್ಳೆ. ಪುಂಡಿಪಲ್ಲೆ ಸುರಕ್ಷಿತವೆಂದು ಬಟ್ಟಲು ತುಂಬಿಸಿಕೊಂಡರೆ ಅದರೊಳಗೆ ಜೋಳದ ನುಚ್ಚು ಅಡಗಿ ಕೂತಿರುತ್ತದೆ. ಒಂದು ಲಾಭ ಮಾತ್ರ ನಿರ್ವಿವಾದ: ಉಂಡಮೇಲಿನ ನಿದ್ದೆ ಹಾರಿಹೋಗುತ್ತದೆ. ಎಲ್ಲರೂ ಗೊರಕೆ ಹೊಡೆಯುವ ಹೊತ್ತಿನಲ್ಲಿ ಅನ್ನತ್ಯಾಗಿ ಒಬ್ಬನೇ ಎಚ್ಚರವಿದ್ದು ಮಾತಿಗೆ ಜನ ಹುಡುಕುತ್ತಾನೆ.

ಸಂಜೆ: ಹೋಟೆಲಿನ ಬಾಣಲೆಯ ಹತ್ತಿರ ಪಂಥದ ಅತಿ ಸೂಕ್ಷ್ಮ ತತ್ತ್ವ ಪ್ರಕಟವಾಗುತ್ತದೆ. ಪೇಪರಿನ ತುಂಡಿನ ಮೇಲೆ ಹಳದಿ ಒಗ್ಗರಣಿ, ಅದರ ಮೇಲೆ ಉದುರಿಸಿದ ಪುಟಾಣಿ ಹಿಟ್ಟು, ಬದಿಗೆ ಎಣ್ಣೆ ಜಿನುಗುವ ಎರಡು ಮಿರ್ಚಿ.

"ಏನ್ ಕಾಕಾ, ಅನ್ನ ಬಿಟ್ಟೀನಿ ಅಂದಿದ್ರಿ?"

"ಬಿಟ್ಟೀನಲ್ಲೋ. ಇದೇನು ಅನ್ನ ಅಲ್ಲಲ್ಲ, ಮಂಡಾಳು."

ಅಕ್ಕಿಯು ಹುರಿದು ಉಬ್ಬಿದೊಡನೆ ತನ್ನ ಪೂರ್ವಾಶ್ರಮವನ್ನು ಕಳೆದುಕೊಳ್ಳುತ್ತದೆಂಬ ಈ ವಾದಕ್ಕೆ 'ಮಂಡಾಳು ನ್ಯಾಯ' ಎಂದು ಹೆಸರಿಡಲಾಗಿದೆ. ಇದೇ ನ್ಯಾಯದಡಿ ದೋಸೆ, ಇಡ್ಲಿ, ಸುಸಲಾಗಳಿಗೂ ಮೋಕ್ಷ ದೊರೆತಿದೆ.

5. ರೊಟ್ಟಿಪರ, ಅಕ್ಕಿಪರ ವಾದಗಳು

"ಅನ್ನ ಬಿಟ್ಟು ರೊಟ್ಟಿ ತಿನ್ರಿ, ಹಿರೇರು ಅದನ್ನೇ ತಿಂದು ಗಟ್ಟಿ ಇದ್ರು" ಎಂಬುದು ರೊಟ್ಟಿಪಂಥದ ವಾದ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ, ಜೋಳದಲ್ಲಿ 68, ಸಜ್ಜೆಯಲ್ಲಿ 62. ಜೋಳದಲ್ಲಿ ನಾರು ಹೆಚ್ಚು ಎಂಬುದು ನಿಜ. ಆದರೆ ರೊಟ್ಟಿಗೆ 50 ಗ್ರಾಂ ಹಿಟ್ಟೆಂದು ಹಿಡಿದರೂ ಮೂರು ರೊಟ್ಟಿಗೆ 100 ಗ್ರಾಂ ಪಿಷ್ಟ ಹೊಟ್ಟೆಗಿಳಿಯಿತು. ಹಿರಿಯರು ಅದರ ಬೆನ್ನಿಗೇ ದಿನವಿಡೀ ಕುಂಟೆ ಹೊಡೆಯುತ್ತಿದ್ದರು. ನಾವು ಕಟಾವು ಯಂತ್ರ ಓಡಾಡುವುದನ್ನು ಬದುವಿನ ಮೇಲೆ ನಿಂತು ನೋಡುತ್ತೇವೆ.

ಅಕ್ಕಿಪಂಥದವರ ಆಸರೆ ಆರ್‌ಎನ್‌ಆರ್ 15048. ಹೈದರಾಬಾದಿನ ರಾಜೇಂದ್ರನಗರದಲ್ಲಿ ರೂಪಿಸಿದ ಈ ತಳಿಯ ಗ್ಲೈಸಿಮಿಕ್ ಸೂಚ್ಯಂಕ 51.5, ಜನರ ಬಾಯಲ್ಲಿ ಇದು 'ಶುಗರ್ ಫ್ರೀ ಅಕ್ಕಿ'. ಸೂಚ್ಯಂಕ ಹೇಳುವುದು ಸಕ್ಕರೆ ಎಷ್ಟು ಬೇಗ ಏರುತ್ತದೆಂದು, ಎಷ್ಟು ಉಣ್ಣಬಹುದೆಂದಲ್ಲ. ಹೆಸರಿನ ಧೈರ್ಯದಲ್ಲಿ ಇನ್ನೊಂದು ಸೌಟು ಹಾಕಿಸಿಕೊಂಡವನಿಗೆ ಈ ಭೇದ ತಿಳಿಸುವ ಕೆಲಸ ಮುಂದಿನ ರಕ್ತಪರೀಕ್ಷೆಗೆ ಬಿಟ್ಟದ್ದು.

ರಾಜ್ಯದ ನಿಲುವೂ ದಾಖಲಾಗಬೇಕು. 2025ರ ಫೆಬ್ರುವರಿಯಲ್ಲಿ ಅನ್ನಭಾಗ್ಯದ ಪಾಲು ತಲೆಗೆ ತಿಂಗಳಿಗೆ 10 ಕಿಲೊ ಅಕ್ಕಿಯಾಯಿತು. ದಿನಕ್ಕೆ 333 ಗ್ರಾಂ ಅಕ್ಕಿ, ಅಂದರೆ 260 ಗ್ರಾಂ ಪಿಷ್ಟ. ದಿನಕ್ಕೆ 130 ಗ್ರಾಂ ಒಳಗಿದ್ದರೆ ಅಲ್ಪಪಿಷ್ಟ, 50ರ ಒಳಗಿದ್ದರೆ ಕೀಟೋ ಎನ್ನುತ್ತದೆ ಶಾಸ್ತ್ರ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಲ್ಲೇ ಅನ್ನತ್ಯಾಗಿಯ ಮಿತಿಯ ಎರಡು ಪಟ್ಟಾಯಿತು.

6. ಆತಿಥ್ಯವೆಂಬ ಮುಖ್ಯ ಬಾಧೆ

ಹಸಿವು ಕೆಲವು ವಾರಗಳಲ್ಲಿ ಪಳಗುತ್ತದೆ, ನೆಂಟರು ಪಳಗುವುದಿಲ್ಲ. ಇದು ಅಧ್ಯಯನದ ಅತಿ ಮುಖ್ಯ ಫಲಿತಾಂಶ. ಮದುವೆಯ ಪಂಕ್ತಿಯಲ್ಲಿ ಬೇಡವೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ, ಬಡಿಸುವವರು ಬೆರಳ ಸಂದಿಯಲ್ಲೇ ಗೋಧಿಹುಗ್ಗಿ ಇಳಿಸುತ್ತಾರೆ. "ಒಂಚೂರು ಉಂಡ್ರ ಏನಾಕ್ಕೈತಿ? ನಮ್ಮನಿ ಅನ್ನ ಉಣಬಾರದೇನು?" ಎಂದು ಅತ್ತಿ ಕೇಳಿದಾಗ ಪ್ರಶ್ನೆ ಆಹಾರಶಾಸ್ತ್ರದಿಂದ ಬೀಗತನಕ್ಕೆ ದಾಟಿರುತ್ತದೆ. ಅಂಬಾಮಠದ ಜಾತ್ರೆಯಲ್ಲಿ ಪ್ರಸಾದ ಬೇಡವೆಂದರೆ ಧರ್ಮಕ್ಕೆ.

ಇಷ್ಟರ ನಡುವೆಯೂ ಮೈ ಇಳಿದರೆ ಯಾರೂ ಮೆಚ್ಚುವುದಿಲ್ಲ. "ಯಾಕೋ ಸೊರಗೀಯಲ್ಲೋ, ಆರಾಮ ಇಲ್ಲೇನು?" ಎನ್ನುತ್ತಾರೆ, ಕನಿಕರಪಟ್ಟು ಒಳಗೆ ಕರೆಯುತ್ತಾರೆ, ಅನ್ನ ಬಡಿಸುತ್ತಾರೆ.

7. ಶಿಫಾರಸುಗಳು

ಒಂದು: ಎಂಜಿನಿಯರುಗಳಿಂದಲೂ ಸಾಧ್ಯವಾಗದ ಭತ್ತದ ನಿಷೇಧವನ್ನು ಒಬ್ಬ ರೈತ ಒಂದು ಚೀಟಿಯ ಬಲದಿಂದ ಜಾರಿಗೊಳಿಸಲಾರ. ಪೂರ್ಣ ಬಂದ್ ಬದಲು ಕಾಲುವೆ ನೀರನ್ನು ಸರದಿಯಂತೆ ಬಿಡುವ ವಾರಾಬಂದಿ ಸೂಕ್ತ: ದಿನಕ್ಕೊಂದು ಹೊತ್ತು ಅನ್ನ, ಅದೂ ಒಂದೇ ಸೌಟು, ಮುಂಚೆ ಪಲ್ಲೆ ಬೇಳೆ.

ಎರಡು: ಮಂಡಾಳನ್ನು ಅಕ್ಕಿಯ ವಂಶಾವಳಿಗೆ ಮರಳಿ ಸೇರಿಸಬೇಕು. ಹೋಟೆಲಿನವರ ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕು.

ಮೂರು: ಡಾಕ್ಟರು ಚೀಟಿಯನ್ನು ರೋಗಿಯ ಹೆಸರಿಗೆ ಬರೆಯದೆ ಅವನ ಅತ್ತಿಯ ಹೆಸರಿಗೆ ಬರೆಯತಕ್ಕದ್ದು.

ನಾಲ್ಕು: ಈ ದಿಸೆಯಲ್ಲಿ ಇನ್ನೂ ಆಳವಾದ ಸಂಶೋಧನೆ ನಡೆಯಬೇಕು. ಅದಕ್ಕೆ ಅನುದಾನ ಬೇಕು. 2023ರಲ್ಲಿ ಅನ್ನಭಾಗ್ಯಕ್ಕೆ ಅಕ್ಕಿ ಸಿಗದಾಗ ಸರ್ಕಾರ ಕಿಲೊಗೆ 34 ರೂಪಾಯಿಯಂತೆ ಖಾತೆಗೆ ಹಣ ಹಾಕಿದ ಪೂರ್ವನಿದರ್ಶನವಿದೆ. ಸಂಶೋಧಕರಿಗೂ ಹಾಗೆಯೇ ನಗದಾಗಿ ಕೊಡತಕ್ಕದ್ದು. ಚೀಲದ ಲೆಕ್ಕದಲ್ಲಿ ಮನೆಗೆ ಇಳಿಸಕೂಡದು.