ಮೆಜೆಸ್ಟಿಕ್ ನಾಸ್ತಿ: ಬೆಂಗಳೂರು ಪೇಟೆಯ ಸ್ಥಳನಾಮಗಳಲ್ಲಿ ಅಭಾವವಿಚಾರ

ಪ್ರತಿಜ್ಞೆ: ಬೆಂಗಳೂರಿನ ಹಳೇ ಪೇಟೆಯಲ್ಲಿ ಜಾಗಗಳಿಗೆ ಇರುವ ವಸ್ತುವಿನ ಹೆಸರಿಲ್ಲ, ಇಲ್ಲದ ವಸ್ತುವಿನ ಹೆಸರಿದೆ. ದೃಷ್ಟಾಂತ: ಮೆಜೆಸ್ಟಿಕ್. ತರಗುಪೇಟೆಯಲ್ಲಿ ಇವತ್ತಿಗೂ ದವಸದ ಮೂಟೆ ಇಳಿಯುತ್ತದಲ್ಲ ಎಂದು ಆಕ್ಷೇಪಿಸುವವರಿಗೆ ಸಮಾಧಾನ: ಶಾಸ್ತ್ರವೆಂದ ಮೇಲೆ ಅಪವಾದವೂ ಇರಬೇಕು, ಇಲ್ಲದಿದ್ದರೆ ಟೀಕಾಕಾರರು ಉಪವಾಸ ಬೀಳುತ್ತಾರೆ.

ನೈಯಾಯಿಕರು ಅಭಾವವನ್ನು ನಾಲ್ಕು ಬಗೆ ಮಾಡಿದರು. ಅದು ಬಿಎಂಟಿಸಿ ಬಸ್ಸಿಗೆ ಇಷ್ಟು ಚೆನ್ನಾಗಿ ಕೂಡಿಬಂದೀತೆಂದು ಪಾಪ, ಅವರಿಗೂ ಗೊತ್ತಿರಲಿಲ್ಲ.

ಮೊದಲನೆಯದು ಪ್ರಾಗಭಾವ, ಹುಟ್ಟುವ ಮೊದಲಿನ ಇಲ್ಲದಿರುವಿಕೆ. ಅದು ಅನಾದಿ, ಆದರೆ ಅಂತ್ಯವುಳ್ಳದ್ದು. ಪೆರಿಫೆರಲ್ ರಿಂಗ್ ರಸ್ತೆಯ ವಿಷಯದಲ್ಲಿ ಅನಾದಿ ಎಂಬ ಭಾಗ ಮಾತ್ರ ಈವರೆಗೆ ಸಾಬೀತಾಗಿದೆ. ಪೇಟೆಗೆ ಸಂಬಂಧವಿಲ್ಲದ್ದರಿಂದ ಮುಂದಕ್ಕೆ ಹೋಗೋಣ.

ಎರಡನೆಯದಾದ ಪ್ರಧ್ವಂಸಾಭಾವ, ಅಂದರೆ ನಾಶವಾದ ಮೇಲಿನ ಇಲ್ಲದಿರುವಿಕೆಯೇ ನಮ್ಮ ಊರಿನ ನಿಜವಾದ ಆಸ್ತಿ. ಮೆಜೆಸ್ಟಿಕ್ ಟಾಕೀಸು ಹೋಯಿತು, ಮೆಜೆಸ್ಟಿಕ್ ಉಳಿಯಿತು. ಮಿನರ್ವ ಟಾಕೀಸು ಹೋಯಿತು, ಸರ್ಕಲ್ಲು ಉಳಿಯಿತು. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕು 1960ರಲ್ಲೇ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಎಸ್‌ಬಿಐ ಹೊಟ್ಟೆಗೆ ಸೇರಿತು. ಕಂಡಕ್ಟರಿಗೆ ಆ ಸುತ್ತೋಲೆ ತಲುಪಿಲ್ಲ. “ಯಾರ್ರೀ ಮೈಸೂರ್ ಬ್ಯಾಂಕು? ಬನ್ರೀ ಮುಂದೆ, ಡೋರ್ ಹತ್ರ ಬನ್ನಿ” ಎಂದು ಅವನು ಶೀಟಿ ಹಾಕಿದರೆ ಎದ್ದು ನಿಲ್ಲುವವರು ಏಳೆಂಟು ಜನ, ಅವರಲ್ಲಿ ಒಬ್ಬರಿಗೂ ಬ್ಯಾಂಕಿನಲ್ಲಿ ಕೆಲಸವಿರುವುದಿಲ್ಲ. ಬಸ್ ನಿಲ್ದಾಣದ ಬೋರ್ಡು ಕೆಂಪೇಗೌಡರ ಹೆಸರು ಹೇಳುತ್ತದೆ. ಅದು ಪ್ರತ್ಯಕ್ಷ ಪ್ರಮಾಣ. ಕಂಡಕ್ಟರು ಮೆಜೆಸ್ಟಿಕ್ ಎನ್ನುತ್ತಾನೆ, ಇದು ಶಬ್ದಪ್ರಮಾಣ. ಟಿಕೆಟ್ ಕೊಡುವವನ ಶಬ್ದವೇ ಬಲವತ್ತರವೆಂದು ಸಿದ್ಧಾಂತ.

ಪ್ರಧ್ವಂಸಾಭಾವಕ್ಕೆ ಆದಿ ಉಂಟು, ಅಂತ್ಯವಿಲ್ಲ ಎನ್ನುತ್ತಾರೆ. ಈ ಲಕ್ಷಣ ಅಷ್ಟು ಗಟ್ಟಿಯಲ್ಲ. ಇದೇ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ; ಕೆರೆ ಹೋಗಿ ಪಕ್ಕದ ಟ್ಯಾಂಕ್ ಬಂಡ್ ರಸ್ತೆ ಉಳಿದಿದೆ. ಜೋರು ಮಳೆ ಹುಯ್ದ ಸಂಜೆ ಪ್ಯಾಂಟು ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಆಸುಪಾಸಿನಲ್ಲಿ ನಿಂತ ಯಾವನೂ ಕೆರೆಯ ಅಭಾವವನ್ನು ಒಪ್ಪಲಾರ.

ಮೂರನೆಯದು ಅನ್ಯೋನ್ಯಾಭಾವ, ಒಂದು ಇನ್ನೊಂದಲ್ಲದಿರುವಿಕೆ. ಘಟವು ಪಟವಲ್ಲ ಎಂಬ ಹಳೇ ಉದಾಹರಣೆಯನ್ನು ಯಾರಾದರೂ ಕಣ್ಣಾರೆ ನೋಡಬೇಕಿದ್ದರೆ ಚಿಕ್ಕಪೇಟೆಗೂ ಕುಂಬಾರಪೇಟೆಗೂ ಒಂದು ಸುತ್ತು ಬರಲಿ. ಚಿಕ್ಕಪೇಟೆಯಲ್ಲಿ ಪಟಕ್ಕೆ ಬರವಿಲ್ಲ, ರೇಷ್ಮೆಯದೇ ರಾಶಿ. ಕುಂಬಾರಪೇಟೆಯಲ್ಲಿ ಘಟ ಹುಡುಕಿದರೆ, ಅಲ್ಲೀಗ ತಿರುಗುವ ಚಕ್ರ ಲಗೇಜ್ ಆಟೋದ್ದು. ಬಳೇಪೇಟೆಗೆ ಬಳೆ ತರಲು ಹೋದವರು ಹಾರ್ಮೋನಿಯಂ ನೋಡಿಕೊಂಡು ಬರಬಹುದು.

ಇನ್ನು ಅತ್ಯಂತಾಭಾವ, ತ್ರಿಕಾಲದಲ್ಲೂ ಇಲ್ಲದ್ದು. ಈಗ ಅವೆನ್ಯೂ ರಸ್ತೆ ಎನಿಸಿಕೊಂಡಿರುವ ದೊಡ್ಡಪೇಟೆಯಲ್ಲಿ ಎದುರಿಗೊಂದು ತಳ್ಳುಗಾಡಿ ಬಂದರೆ ಸ್ಕೂಟರು ಸೆಕೆಂಡ್ ಹ್ಯಾಂಡ್ ಗೈಡುಗಳ ರಾಶಿಗೆ ಒರಗಿಕೊಂಡು ದಾರಿ ಬಿಡಬೇಕು. ಆದ್ದರಿಂದ ದೊಡ್ಡಪೇಟೆಯಲ್ಲಿ ದೊಡ್ಡತನದ ಅತ್ಯಂತಾಭಾವ. ಮೊದಲು ವಿಶಾಲವಾಗಿತ್ತು ಎನ್ನುವ ಹಿರಿಯರಿದ್ದಾರೆ. ಅದನ್ನು ಒಪ್ಪಿದರೆ ವರ್ಗೀಕರಣ ಕೆಡುತ್ತದೆ, ಹಾಗಾಗಿ ಒಪ್ಪಿಲ್ಲ.

ಕೊನೆಗೊಂದು ತೊಡಕು. ಆಟೋದವನು “ಮೆಜೆಸ್ಟಿಕ್ಕಲ್ಲಿ ಎಲ್ಲಿ ಸಾರ್?” ಎನ್ನುತ್ತಾನೆ. “ಕಪಾಲಿ ಟಾಕೀಸ್ ಎದುರಿಗೆ” ಎನ್ನುತ್ತೇವೆ. ಕಪಾಲಿಯನ್ನೂ ಕೆಡವಿಯಾಗಿದೆ. ಒಂದು ಅಭಾವಕ್ಕೆ ಇನ್ನೊಂದು ಅಭಾವವೇ ಗುರುತಾದರೆ ಅನವಸ್ಥಾ ದೋಷವೆಂದು ತಾರ್ಕಿಕರು ಕೈಚೆಲ್ಲುತ್ತಾರೆ. ಆಟೋ ಮಾತ್ರ ಸರಿಯಾದ ಜಾಗದಲ್ಲೇ ನಿಲ್ಲುತ್ತದೆ. ನೋಟು ಕೊಟ್ಟರೆ “ಚಿಲ್ಲರೆ ಇಲ್ಲ ಸಾರ್.” ಫೋನ್‌ಪೇ ಎಂದರೆ ನೆಟ್‌ವರ್ಕ್ ಇಲ್ಲ. ಚಿಲ್ಲರೆಯಂತೂ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಇರುವ ಲಕ್ಷಣವಿಲ್ಲ. ದೊಡ್ಡಪೇಟೆಗೆ ಕೊಟ್ಟಿದ್ದ ಅತ್ಯಂತಾಭಾವವನ್ನು ವಾಪಸ್ ಪಡೆದು ಈ ಚಿಲ್ಲರೆಯ ಖಾತೆಗೆ ವರ್ಗಾಯಿಸುವ ಪ್ರಸ್ತಾವ ಪ್ರಬಂಧಕಾರರ ಪರಿಶೀಲನೆಯಲ್ಲಿದೆ.