ಸೀನಿಯರಣ್ಣನ ಆಫ್‌ಸೈಡು

ಕೆಜಿಎಫ್‌ನಲ್ಲಿ ಯಾವ ಫುಟ್‌ಬಾಲ್ ಟೀಮು ನೋಡಿ, ಒಬ್ಬ ಸೀನಿಯರಣ್ಣ ಇದ್ದೇ ಇರುತ್ತಾರೆ. ವಯಸ್ಸು ಐವತ್ತು ದಾಟಿದೆ, ಮಂಡಿಗೆ ಕ್ರೇಪ್ ಬ್ಯಾಂಡೇಜು ಬಿದ್ದಿದೆ, 10ನೇ ನಂಬರಿನ ಜೆರ್ಸಿಯನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಗಣಿ ಮುಚ್ಚಿತಲ್ಲ, ಅವರ ಪ್ರಕಾರ ನಿಜವಾದ ಫುಟ್‌ಬಾಲೂ ಅವತ್ತೇ ಮುಚ್ಚಿತು. ಈಗಿನದು ಬರೀ ಓಟವಂತೆ.

ಹುಡುಗರಿಗೆ ಕಲಿಸುತ್ತಾರಾ? ಮೈದಾನದಲ್ಲಂತೂ ಇಲ್ಲ. ಅಲ್ಲಿ ಗಣಿ ಮಣ್ಣಿನ ಸೈನೈಡ್ ದಿಬ್ಬದ ಹಾಗೆ ನಡುವೆ ನಿಂತು "ಕಾಲಿಗೆ ಕೊಡೋ ತಂಬಿ, ಕಾಲಿಗೆ!" ಅಂತ ಕೂಗುತ್ತಾರೆ. ಚೆಂಡು ಎರಡು ಮಾರು ಆಚೆ ಹೋದರೆ ತಪ್ಪು ತಂಬಿಯದು. ಕಾಲಿಗೇ ಬಂತು ಅನ್ನಿ, ಆಮೇಲೆ ಅದನ್ನು ತಂಬಿ ಮತ್ತೆ ಕಂಡದ್ದಿಲ್ಲ.

ಪಾಠವೇನಿದ್ದರೂ ರೈಲಿನಲ್ಲಿ. ಬೆಳ್ಳಂಬೆಳಗ್ಗೆ ಮಾರಿಕುಪ್ಪಂ ಗಾಡಿಯಲ್ಲಿ ಅರ್ಧ ಊರು ಬೆಂಗಳೂರಿನ ಕೆಲಸಕ್ಕೆ ಹೊರಡುತ್ತದೆ. ಗೋಲ್‌ಕೀಪರು, ಎರಡೂ ಕಡೆಯ ವಿಂಗರುಗಳು ಎಲ್ಲ ಅದರಲ್ಲೇ. ಬಂಗಾರಪೇಟೆಯಲ್ಲಿ ಜನ ತುಂಬಿಕೊಂಡರೆ ಮುಗಿಯಿತು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬೂಟು ಹರಿದಿದೆ ಅಂತ ಯಾರಾದರೂ ಬಾಯಿಬಿಟ್ಟರೆ 1948ರ ಲಂಡನ್ ಒಲಿಂಪಿಕ್ಸ್ ಶುರು: ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ, ಫ್ರಾನ್ಸಿಗೆ ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್! ಎರಡು ಪೆನಾಲ್ಟಿ ಹಾಳುಮಾಡಿಕೊಂಡು 2–1ರಲ್ಲಿ ಸೋತ ಭಾಗಕ್ಕೆ ಬರುವಷ್ಟರಲ್ಲಿ ಟೇಕಲ್ ಬಂದಿರುತ್ತದೆ, ಮಾತು ಬದಲಾಗಿರುತ್ತದೆ.

2023ರಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದನ್ನು ಹುಡುಗರು ಎತ್ತಿದರೆ, "ಅದಕ್ಕೆ 54 ವರ್ಷ ಬೇಕಾಯ್ತಲ್ಲಪ್ಪ" ಅನ್ನುತ್ತಾರೆ. ಆ 54ರೊಳಗೇ ಅವರ ಇಡೀ ಆಟವೂ ಮುಗಿದಿತ್ತು ಅನ್ನುವ ಧೈರ್ಯ ಯಾರಿಗಿದೆ? ಸೀಟು ಹಿಡಿದುಕೊಟ್ಟವರು ಅವರೇ.

ಆದರೂ ಹೇಳಬೇಕು, ಮೊನ್ನೆ ಆಫ್‌ಸೈಡನ್ನು ಅವರಷ್ಟು ಚೆನ್ನಾಗಿ ವಿವರಿಸಿದವರನ್ನು ನಾನು ನೋಡಿಲ್ಲ. ತಮ್ಮ ಟಿಫಿನ್ ಬಾಕ್ಸು ಗೋಲ್‌ಕೀಪರು. ಪಕ್ಕದವರ ನೀರಿನ ಬಾಟಲಿ ಕೊನೆಯ ಡಿಫೆಂಡರು. ಅದರ ಸರಿಸಮಕ್ಕೆ ಸ್ಟ್ರೈಕರು: ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಐಡಿ ಕಾರ್ಡು. "ಈಗ ಸರಿಯಾಗಿದ್ದಾನೆ, ನೋಡ್ಕೋ" ಅಂದರು. ಅಷ್ಟರಲ್ಲಿ ವೈಟ್‌ಫೀಲ್ಡ್ ಬಂತು, ಪಕ್ಕದವರು ಬಾಟಲಿ ಎತ್ತಿಕೊಂಡು ಇಳಿದರು.

"ಅಣ್ಣಾ, ನಾನು ಅಲ್ಲಾಡೇ ಇಲ್ಲ!" ಅಂದ ಹುಡುಗ.

"ಅದಕ್ಕೇ ಕಣೋ ಆಫ್‌ಸೈಡ್ ಆಗಿದ್ದು" ಅಂದವರೇ ಸೀನಿಯರಣ್ಣ ಗೋಲ್‌ಕೀಪರನ್ನು ಬಿಚ್ಚಿ ಇಡ್ಲಿ ತಿನ್ನತೊಡಗಿದರು.