ಕುಂಡವೃಕ್ಷ ಮೀಮಾಂಸೆ: ಹಾಲ್‌ಕೇಂದ್ರಿತ ಪರ್ಣಪ್ರಜ್ಞೆಯ ತಾತ್ವಿಕ ನೆಲೆಗಳು

ಪ್ರವೇಶಿಕೆ

ಸೋಫಾಕ್ಕೂ ಟೀವಿಗೂ ನಡುವಣ ಅವಕಾಶದಲ್ಲಿ ಮಹಾವೃಕ್ಷವೊಂದರ ಇರವನ್ನು ಯಾವ ನೆಲೆಯಲ್ಲಿ ಗ್ರಹಿಸಬೇಕು ಎಂಬ ಪ್ರಶ್ನೆಗೆ ಕನ್ನಡದ ವೈಚಾರಿಕ ಪರಂಪರೆ ಈವರೆಗೆ ಮುಖಾಮುಖಿಯಾಗಿಲ್ಲ. ಪ್ರಸ್ತುತ ಪ್ರಬಂಧ ಆ ದಿಕ್ಕಿನ ಮೊದಲ ಹೆಜ್ಜೆ. ಮೊದಲನೆಯದಾದ್ದರಿಂದ ಸದ್ಯಕ್ಕೆ ಅತ್ಯುತ್ತಮವೂ ಹೌದು.

ಅಧ್ಯಯನದ ಆಕರ ಫೈಕಸ್ ಲೈರಾಟ, ನರ್ಸರಿಯವರ ಬಾಯಲ್ಲಿ ‘ಫಿಡಲ್ ಲೀಫ್’. ಪಶ್ಚಿಮ ಆಫ್ರಿಕಾದಲ್ಲಿ ಸಿಯೆರಾ ಲಿಯೋನ್‌ನಿಂದ ಕ್ಯಾಮರೂನ್‌ವರೆಗಿನ ತಗ್ಗು ಮಳೆಕಾಡುಗಳ ಮರ. 1894ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಓಟೋ ವಾರ್‌ಬರ್ಗ್ ಅದಕ್ಕೆ ಈ ಹೆಸರಿಟ್ಟ. ಎಲೆ ಒಂದೂವರೆ ಅಡಿ ಉದ್ದ ಬೆಳೆಯಬಲ್ಲದು, ಮರ ನಲವತ್ತು ಐವತ್ತು ಅಡಿ. ನಮ್ಮ ಆಲ, ಅರಳಿ, ಅತ್ತಿ, ಬಸರಿ, ಗೋಣಿಗಳ ಖಾಸಾ ದಾಯಾದಿ. ಎಷ್ಟೋ ಸಲ ಇನ್ನೊಂದು ಮರದ ಕವಲಿನಲ್ಲಿ ಮೊಳೆತು, ಕೆಳಕ್ಕೆ ಬೇರಿಳಿಸಿ, ಆಶ್ರಯ ಕೊಟ್ಟವನ ಕತ್ತು ಹಿಸುಕಿ ತಾನು ನಿಲ್ಲುವ ಜಾತಿ. ಅಂಥದ್ದನ್ನು ಹಿಡಿದು ತಂದು ಹತ್ತಿಂಚಿನ ಪಿಂಗಾಣಿ ಕುಂಡದಲ್ಲಿ ನಿಲ್ಲಿಸಿ, ಪಕ್ಕಕ್ಕೊಂದು ಬುದ್ಧನ ತಲೆ ಇಟ್ಟು, ‘ಪಾಪ, ಒಂದೆಲೆ ಉದುರಿಸ್ತು ಕಣ್ರೀ’ ಎಂದು ಮರುಗುವ ಸಾಂಸ್ಕೃತಿಕ ಪಲ್ಲಟವೇ ನಮ್ಮ ವಸ್ತು. (ಬುದ್ಧನಿಗೆ ಜ್ಞಾನೋದಯವಾದದ್ದೂ ಫೈಕಸ್ ಒಂದರ ಕೆಳಗೇ. ಅದು ನೆಲದಲ್ಲಿ ಬೆಳೆದಿತ್ತು.)

ಪರಿಭಾಷಾ ನಿರ್ಣಯ

ವಿದ್ವತ್ ಲೋಕದಲ್ಲಿ ಎಲೆ ಉದುರುವುದಿಲ್ಲ, ‘ಪರ್ಣಚ್ಯುತಿ ಸಂಭವಿಸುತ್ತದೆ’. ನೀರು ಜಾಸ್ತಿಯಾಗುವುದಿಲ್ಲ, ‘ಸಿಂಚನೋನ್ಮಾದ’ ಉಂಟಾಗುತ್ತದೆ. ಮನೆಯೊಳಗೆ ಬೆಳಕಿದೆ ಎಂದು ನಂಬುವುದು ‘ದ್ಯುತಿಭ್ರಾಂತಿ’. ಗಿಡವನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸಿದಾಗ ಅದು ತೋರುವ ಪ್ರತಿಭಟನೆ ‘ಅನ್ಯಸ್ಥಾನೀಕರಣಜನ್ಯ ಪರ್ಣವಿಷಾದ’. ಈ ಕೊನೆಯದಕ್ಕೆ ಶ್ರೇಷ್ಠ ನಿದರ್ಶನ ಫೈಕಸ್ ಬೆಂಜಮಿನಾ: ನರ್ಸರಿಯಿಂದ ಮನೆಗೆ ಬಂದ ಕೆಲವೇ ವಾರಗಳಲ್ಲಿ ಮೈಮೇಲಿದ್ದುದನ್ನೆಲ್ಲ ಕಳಚಿ ನಿಲ್ಲುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಬಿಸಿಲಲ್ಲಿ ಹುಟ್ಟಿದ ಎಲೆ ನೆರಳಲ್ಲಿ ತನ್ನ ಖರ್ಚನ್ನು ತಾನೇ ಸಂಪಾದಿಸಲಾರದು. ಆದ್ದರಿಂದ ಗಿಡ ಅಂಥ ಎಲೆಗಳನ್ನು ಕೆಲಸದಿಂದ ತೆಗೆದು, ನೆರಳಿಗೆ ಒಗ್ಗುವ ಹೊಸ ಎಲೆಗಳನ್ನು ನೇಮಿಸಿಕೊಳ್ಳುತ್ತದೆ. ಇದನ್ನು ಮೂರು ವಾಕ್ಯದಲ್ಲಿ ಹೇಳಬಹುದೆಂದು ಈಗ ತಾನೇ ತೋರಿಸಿದ್ದೇನೆ. ಆದರೆ ಮೂರು ವಾಕ್ಯಕ್ಕೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಕೊಡುವುದಿಲ್ಲ. ‘ವಿಷಾದದ ಪರ್ಣರೂಪಿ ಸಂಕಥನ’ ಎಂದು ಮುನ್ನೂರು ಪುಟ ಬರೆದರೆ ಕೊಡುತ್ತದೆ.

ಸಿಂಚನ ಮೀಮಾಂಸೆ

ನೀರಿನ ತತ್ವ ಸರಳ, ಆದ್ದರಿಂದಲೇ ವಿದ್ವಾಂಸರಿಗೆ ಅನಾಕರ್ಷಕ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಗಾಳಿಗೆ ಜಾಗವಿಲ್ಲ, ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರೆತ್ತಲಾರದು, ಎಲೆ ಬಾಡುತ್ತದೆ. ಬಾಡಿದ ಎಲೆ ಕಂಡ ಯಜಮಾನರು ‘ಅಯ್ಯೋ, ಬಾಯಾರಿದೆ’ ಎಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಹೀಗೆ ಮನೆಯೊಳಗಿನ ಮರಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರಿನಲ್ಲೇ ಸಾಯುವುದು ಹೆಚ್ಚು. ಬೆರಳನ್ನು ಎರಡಿಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ಹಾಕಬೇಕು. ಕುಂಡದ ತಳದಲ್ಲಿ ತೂತಿರಬೇಕು. ಆರುನೂರು ರೂಪಾಯಿ ಹೆಚ್ಚು ಕೊಟ್ಟು ತಂದ ಬಿಳಿ ಪಿಂಗಾಣಿಗೆ ತೂತಿಲ್ಲ ಎಂಬುದು ಗಿಡ ಸತ್ತ ಮೇಲೆ ಗೊತ್ತಾಗುತ್ತದೆ. ಎಲೆಯ ಮೇಲೆ ದಿನಕ್ಕೆರಡು ಬಾರಿ ಸ್ಪ್ರೇ ಮಾಡುವ ಸಂಪ್ರದಾಯದ ಫಲವೆಂದರೆ ಕೆಲವು ನಿಮಿಷದ ತೇವ ಮತ್ತು ಮಾಡಿದವರಿಗೆ ಸಮಾಧಾನ.

ಆದರೆ ಸಿಂಚನೋನ್ಮಾದದ ಪರಾಕಾಷ್ಠೆಯನ್ನು ಕಾಣಬೇಕಾದರೆ ಮನೆ ಬಿಟ್ಟು ವಿಚಾರ ಸಂಕಿರಣಕ್ಕೆ ಹೋಗಬೇಕು. ದೀಪ ಹಚ್ಚುವುದು ಹಳೆಯದಾಯಿತೆಂದು ಈಗ ‘ಸಸಿಗೆ ನೀರೆರೆಯುವ ಮೂಲಕ ಉದ್ಘಾಟನೆ’. ವೇದಿಕೆಯ ಮೇಲೆ ಒಂದು ರಬ್ಬರ್ ಗಿಡ. ಉದ್ಘಾಟಕರು, ಅಧ್ಯಕ್ಷರು, ಆಶಯ ಭಾಷಣದವರು, ಮುಖ್ಯ ಅತಿಥಿ, ವಿಶೇಷ ಆಹ್ವಾನಿತರು, ಪ್ರಾಸ್ತಾವಿಕ ನುಡಿಯವರು, ಹೆಸರು ಕರೆಯಲು ಮರೆತದ್ದಕ್ಕೆ ಮುನಿದು ಕೊನೆಗೆ ಎದ್ದುಬಂದವರು, ಎಲ್ಲರೂ ಒಂದೇ ಹಿತ್ತಾಳೆ ಗಿಂಡಿ ಹಿಡಿದು, ಗಿಡದ ಕಡೆ ನೋಡದೆ ಕ್ಯಾಮೆರಾದ ಕಡೆ ನೋಡುತ್ತ, ಒಂದೇ ಕುಂಡಕ್ಕೆ ಸುರಿಯುತ್ತಾರೆ. ಮೇಜಿನ ಬಟ್ಟೆ ನೆನೆಯುತ್ತದೆ. ನಂತರ ಗಿಡ ಸಭಾಂಗಣದ ಹಿಂದಿನ ಕತ್ತಲೆ ಕೋಣೆಗೆ, ಮುಂದಿನ ಸಂಕಿರಣದವರೆಗೆ. ಬದುಕಿದ್ದರೆ ಅದೇ, ಇಲ್ಲದಿದ್ದರೆ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ ಗಿಡಕ್ಕೆ ಅಷ್ಟೇ ಗಾಂಭೀರ್ಯದಿಂದ ನೀರೆರೆದದ್ದನ್ನೂ ಕಂಡಿದ್ದೇನೆ. ಗೋಷ್ಠಿಯ ಹೆಸರು ‘ಪರಿಸರ ಪ್ರಜ್ಞೆ: ನಿನ್ನೆ, ಇಂದು, ನಾಳೆ’.

ದ್ಯುತಿಭ್ರಾಂತಿ

ನಟ್ಟನಡು ಮಧ್ಯಾಹ್ನದ ಬಿಸಿಲಿನ ಪ್ರಖರತೆ ಸುಮಾರು ಒಂದು ಲಕ್ಷ ಲಕ್ಸ್. ದೀಪ ಹಚ್ಚಿದ ನಮ್ಮ ಹಾಲಿನಲ್ಲಿ ಅದು ನೂರು ಇನ್ನೂರರ ಆಸುಪಾಸು. ನಮ್ಮ ಕಣ್ಣು ಬೆಳಕಿಗೆ ತಕ್ಕಂತೆ ಹೊಂದಿಕೊಂಡು ಈ ಅಂತರವನ್ನು ನಮ್ಮಿಂದ ಮುಚ್ಚಿಡುತ್ತದೆ, ಎಲೆಗೆ ಅಂಥ ಉಪಾಯವಿಲ್ಲ. ಗಿಡವನ್ನು ‘ಆ ಮೂಲೆ ಖಾಲಿ ಕಾಣ್ತಿತ್ತು’ ಎಂಬ ಕಾರಣಕ್ಕೆ ನಿಲ್ಲಿಸುವವರಿಗೆ ಅದೊಂದು ಜೀವಂತ ಕ್ಯಾಲೆಂಡರು. ಕಿಟಕಿಯ ಪಕ್ಕ, ಬೆಳಗಿನ ಬಿಸಿಲು ಸ್ವಲ್ಪ ತಾಗುವಲ್ಲಿ, ವಾರಕ್ಕೊಮ್ಮೆ ಕುಂಡ ತಿರುಗಿಸುತ್ತ, ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಎಲೆಯ ಧೂಳು ಒರೆಸುತ್ತ ಸಾಕಿದರೆ ಅದು ಉಳಿಯುತ್ತದೆ. ಕೆಮ್ಮಣ್ಣು, ಮರಳು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಿಶ್ರಣ. ಬಿಳಿ ಹಿಟ್ಟು ತಿಗಣೆ ಕಂಡರೆ ಬೇವಿನೆಣ್ಣೆ. ತುದಿ ಕತ್ತರಿಸಿದಾಗ ಒಸರುವ ಹಾಲು ಚರ್ಮಕ್ಕೆ ತುರಿಕೆ ತರುತ್ತದೆ, ಕಣ್ಣಿಗೆ ತಾಗಬಾರದು. ಇಷ್ಟೇ. ಇದಕ್ಕಿಂತ ಹೆಚ್ಚಿನದನ್ನು ಹೇಳುವವರು ಏನನ್ನೋ ಮಾರುತ್ತಿದ್ದಾರೆ.

ಪಾಲಕರ ವರ್ಗೀಕರಣ

ಕುಂಡವೃಕ್ಷ ಪಾಲಕರನ್ನು ಏಳು ಪ್ರಧಾನ ವರ್ಗ ಹಾಗೂ ಇಪ್ಪತ್ತೊಂದು ಉಪವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯವರು ವಾಸ್ತುವಾದಿಗಳು. ಆಗ್ನೇಯದಲ್ಲಿ ಎಲೆಗಿಡ ಇಟ್ಟರೆ ದುಡ್ಡು ಎಂದು ಯಾರೋ ಹೇಳಿರುತ್ತಾರೆ. ಆಗ್ನೇಯದಲ್ಲಿ ಬಚ್ಚಲಿದ್ದರೆ ಗಿಡ ಬಚ್ಚಲಿನಲ್ಲಿ. ಗಿಡದ ಸ್ಥಾನವನ್ನು ಸೂರ್ಯ ನಿರ್ಣಯಿಸುತ್ತಾನೆ ಎಂಬ ಭೌತವಾದ ಇವರಿಗೆ ಒಪ್ಪಿತವಲ್ಲ.

ಎರಡನೆಯವರು ವಾಯುಶುದ್ಧಿವಾದಿಗಳು. ಇವರ ಮೂಲಗ್ರಂಥ ‘ನಾಸಾ ಹೇಳಿದೆ’. ನಾಸಾ ಹೇಳಿದ್ದೇನೋ ನಿಜ, 1989ರಲ್ಲಿ. ವೋಲ್ವರ್‌ಟನ್ ಮತ್ತು ಸಂಗಡಿಗರು ಗಾಳಿಯಾಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ ಗಿಡವಿಟ್ಟು, ಕೆಲವು ರಾಸಾಯನಿಕಗಳು ಕಡಿಮೆಯಾದದ್ದನ್ನು ಅಳೆದರು. ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಬಾಗಿಲಿದೆ, ಕಿಟಕಿಯಿದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು: ಮಾಮೂಲು ಗಾಳಿಯಾಟ ಮಾಡುವಷ್ಟು ಶುದ್ಧೀಕರಣವನ್ನು ಗಿಡಗಳಿಂದ ಮಾಡಿಸಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಹತ್ತಡಿ ಹನ್ನೆರಡಡಿಯ ಹಾಲಿಗೆ ಕಡಿಮೆಯೆಂದರೂ ನೂರಹನ್ನೊಂದು ಕುಂಡ, ಹೆಚ್ಚೆಂದರೆ ಹನ್ನೊಂದು ಸಾವಿರ. ಸೋಫಾ ಮಾರಬೇಕಾಗುತ್ತದೆ. ಕಿಟಕಿ ತೆರೆಯುವುದಕ್ಕೆ ಖರ್ಚಿಲ್ಲ. ಆದರೆ ತೆರೆದರೆ ಬರುವುದು ರಸ್ತೆಯ ಧೂಳು. ಏಕೆಂದರೆ ರಸ್ತೆಯಲ್ಲಿದ್ದ ಮರ…

ಇರಲಿ. ಮೂರನೆಯ ವರ್ಗಕ್ಕೆ ಬರೋಣ.

ಮೂರನೆಯವರು ಸಂಭಾಷಣವಾದಿಗಳು, ಗಿಡದೊಡನೆ ದಿನವೂ ಮಾತಾಡುವವರು. ಇವರ ಬಗ್ಗೆ ಬರೆಯಲು ಕುಳಿತಾಗ ವರ್ಗೀಕರಣವೇ ಬೇಸರ ತಂದಿದೆ. ಉಳಿದ ನಾಲ್ಕನ್ನು ಕೈಬಿಡುತ್ತೇನೆ. ಇಪ್ಪತ್ತೊಂದು ಉಪವರ್ಗಗಳನ್ನು ಓದುಗರು ಊಹಿಸಿಕೊಳ್ಳಬಹುದು. ಸಾರಾಂಶದಲ್ಲಿ ಎಲ್ಲರೂ ನೀರು ಜಾಸ್ತಿ ಹಾಕುವವರೇ.

ಅನುಬಂಧ

ಪ್ರಬಂಧದ ಚೌಕಟ್ಟಿಗೆ ಒಗ್ಗದ ಒಂದು ಸಂಗತಿ ಉಳಿದಿದೆ. ಅದಕ್ಕೆ ಪರಿಭಾಷೆ ಸಿಕ್ಕಿಲ್ಲ, ಹುಡುಕುವ ಮನಸ್ಸೂ ಇಲ್ಲ.

ನಮ್ಮ ಬಡಾವಣೆಯ ಅಪಾರ್ಟ್‌ಮೆಂಟೊಂದರ ಗೇಟಿನ ಹೊರಗೆ ಅತ್ತಿ ಮರವಿತ್ತು. ಫೈಕಸ್ ರೆಸಿಮೋಸ, ಒಳಗಿನ ಫಿಡಲ್ ಲೀಫುಗಳ ಸೋದರಸಂಬಂಧಿ. ಅದರ ಬಳಿ ಯಾರೂ ಸ್ಪ್ರೇ ಹಿಡಿದು ನಿಂತದ್ದಿಲ್ಲ. ಅತ್ತಿಯೊಳಗಿನ ಪುಟ್ಟ ಕಣಜ, ಅತ್ತಿ ತಿನ್ನುವ ಕುಟುರ ಹಕ್ಕಿ, ಕೋಗಿಲೆ, ರಾತ್ರಿ ಬಾವಲಿ, ಇವೆಲ್ಲ ಅಲ್ಲಿ ನಡೆಸುತ್ತಿದ್ದ ಸಂಸಾರಕ್ಕೆ ನಿರ್ವಹಣಾ ಶುಲ್ಕವೂ ಇರಲಿಲ್ಲ. ತಕರಾರು ಒಂದೇ: ಹಣ್ಣು ಕಾರಿನ ಮೇಲೆ ಬೀಳುತ್ತದೆ. ಸಂಘದವರು ‘ಅಪಾಯಕಾರಿ ಮರ’ ಎಂದು ಅರ್ಜಿ ಕೊಟ್ಟರು. ಅರ್ಜಿಗೆ ಸಹಿ ಹಾಕಿದವರಲ್ಲಿ ಒಬ್ಬರ ಹಾಲಿನಲ್ಲಿ ಫಿಡಲ್ ಲೀಫಿಗೆ ತೇವಾಂಶ ಅಳೆಯುವ ಯಂತ್ರವೇ ಇದೆ. ಮರ ಬಿತ್ತು. ಅಪಾಯವಿದ್ದದ್ದು ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಅದಾದರೂ ಅರ್ಜಿ ಕೊಟ್ಟು ಕಡಿದ ಮರ. ಅರ್ಜಿಯಿಲ್ಲದೆ ಕೊಲ್ಲುವ ವಿಧಾನಗಳೂ ಬೆಂಗಳೂರಿನಲ್ಲಿ ಬಳಕೆಯಲ್ಲಿವೆ. ಅಂಗಡಿಯ ಬೋರ್ಡು ಕಾಣುವುದಿಲ್ಲ ಎಂದು ಕಾಂಡಕ್ಕೆ ತೂತು ಕೊರೆದು ಆ್ಯಸಿಡ್ ಸುರಿಯುತ್ತಾರೆ. ಫುಟ್‌ಪಾತ್ ಮಾಡುವ ಗುತ್ತಿಗೆದಾರ ಕಾಂಡದ ಬುಡಕ್ಕೆ ಅಂಟಿಸಿ ಕಾಂಕ್ರೀಟ್ ಹಾಕುತ್ತಾನೆ. ಹತ್ತಿಂಚಿನ ಕುಂಡದಲ್ಲಿ ಬೇರಿಗೆ ಗಾಳಿ ಸಾಲದೆಂದು ಕೊರಗುವ ನಾವು ಆ ಕಾಂಕ್ರೀಟಿನ ಮೇಲೆ ನಡೆದುಹೋಗುತ್ತೇವೆ. ಮೊಳೆ ಹೊಡೆದು ‘ಪೇಯಿಂಗ್ ಗೆಸ್ಟ್‌ಗೆ ಸಂಪರ್ಕಿಸಿ’ ಎಂದು ತಗಡು ನೇತುಹಾಕುತ್ತೇವೆ. ಕೇಬಲ್ಲಿಗೆ ಬೇರು ಕತ್ತರಿಸುತ್ತೇವೆ, ಮೊದಲ ಮುಂಗಾರು ಪೂರ್ವ ಗಾಳಿಗೆ ಮರ ಉರುಳಿದರೆ ಮರವನ್ನೇ ಬಯ್ಯುತ್ತೇವೆ.

ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಗೆ ಸಾಲುಮರದ ತಿಮ್ಮಕ್ಕನೂ ಆಕೆಯ ಗಂಡ ಚಿಕ್ಕಯ್ಯನೂ ಬೆಳೆಸಿದ ಮರಗಳು 385. ಎಲ್ಲವೂ ಆಲ, ಎಂದರೆ ಫೈಕಸ್. ಕೊಡದಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳು ಕಟ್ಟಿ ಕಾದದ್ದು. 2019ರಲ್ಲಿ ಆಕೆಗೆ ಪದ್ಮಶ್ರೀ ಬಂತು. ಅದೇ 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆಗೆ ಆ ಸಾಲೇ ಆಹುತಿಯಾಗುವ ಸುದ್ದಿಯೂ ಬಂತು. ನೂರು ದಾಟಿದ ಆ ಅಜ್ಜಿ ತಾನು ಬೆಳೆಸಿದ ಮರ ಕಡಿಯಬೇಡಿ ಎಂದು ಸರ್ಕಾರವನ್ನು ಕೇಳಿಕೊಳ್ಳಬೇಕಾಯಿತು. ಆಕೆಯ ಕೈಯಿಂದ ಎಷ್ಟು ಸಭೆಗಳಲ್ಲಿ ಕುಂಡದ ಸಸಿಗೆ ನೀರೆರೆಸಿ ಫೋಟೊ ತೆಗೆಸಿಕೊಂಡರೋ ಲೆಕ್ಕವಿಲ್ಲ. ಇದರ ಬಗ್ಗೆ ವ್ಯಂಗ್ಯ ಮಾಡಲು ನನಗೆ ಬರುವುದಿಲ್ಲ.

ಹಾಲಿನಲ್ಲಿ ಮರ ಸಾಕುವವರ ಮೇಲೆ ನನಗೆ ಕೋಪವಿಲ್ಲ. ನೆಲವಿಲ್ಲದವರು ಕುಂಡದಲ್ಲಲ್ಲದೆ ಇನ್ನೆಲ್ಲಿ ಬೆಳೆಸಬೇಕು? ನೆಲವಿರುವವರಾದರೆ ಫಿಡಲ್ ಲೀಫನ್ನೂ ರಬ್ಬರ್ ಗಿಡವನ್ನೂ ಗೋಡೆಯಿಂದ, ಪೈಪಿನಿಂದ ದೂರದಲ್ಲಿ ನೆಲಕ್ಕೇ ನೆಡಬಹುದು. ಬೆಂಗಳೂರಿನ ಹವೆ ಎರಡಕ್ಕೂ ಒಗ್ಗುತ್ತದೆ. ನನ್ನ ಬೇಡಿಕೆ ಬೇರೆ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯೆಂಬುದೊಂದಿದೆ. ಬಹುತೇಕ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಿದ್ದರೆ ಜನರಿಂದ ಆಕ್ಷೇಪಣೆ ಕರೆಯಬೇಕು. ಅಂಥ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಮುಂದಿನ ಸಲ ಕಂಡಾಗ ಸ್ಪ್ರೇ ಬಾಟಲಿಯನ್ನು ಕೆಳಗಿಟ್ಟು ಒಂದು ಆಕ್ಷೇಪಣೆ ಬರೆದು ಕಳಿಸಿ. ಒಂದು ಪುಟ ಸಾಕು, ಪರಿಭಾಷೆ ಬೇಡ.